ಡಿಸ್ಕಿನ ಕ್ಷಣಚಿತ್ರ

ಕಪಿಲೆಯ ದಡದ ನಂಜನಗೂಡು, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಸಂಪುಟ, ತಾಲ್ಲೂಕು, ಸಂಖ್ಯೆ ಇವಿಷ್ಟನ್ನು ಹೇಳಿದರೆ ತಲಕಾಡಿನ ಕಲ್ಬರಹವೂ ಓದುಗನ ಕೈಗೆ ಸಿಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ಮೂರನೆಯ ಸಂಪುಟದಲ್ಲಿಯೇ (1974) ಉಳಿದು, ನರಸೀಪುರವು ಐದನೆಯದಕ್ಕೆ (1976) ಹೋಯಿತು. ಆದುದರಿಂದ ಆವೃತ್ತಿಯನ್ನು ಹೇಳದ ವಿಳಾಸವು ಅಪೂರ್ಣ. ಗಣಕಯಂತ್ರದ ಡಿಸ್ಕಿನಲ್ಲಿಯೂ ಇಂತಹುದೇ ವಿಳಾಸದ ಏರ್ಪಾಡುಂಟು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ರೂಪಿಸತೊಡಗಿದ ಯುನಿಕ್ಸ್ ವ್ಯವಸ್ಥೆಯು ಯಂತ್ರದ ಸಾಧನಗಳನ್ನೂ ಕಡತಗಳಂತೆಯೇ ಕಾಣುತ್ತದೆ. ಡಿಸ್ಕಿಗೂ ‘ಡೆವ್’ ಎಂಬ ಕೋಶದಲ್ಲಿ ಒಂದು ಹೆಸರಿರುತ್ತದೆ. ಆ ಹೆಸರನ್ನು ತಲಪುವ ದಾರಿಯೇ ಸಾಧನಪಥ. ಲಿನಕ್ಸ್ ಸಹ ಇದೇ ಪದ್ಧತಿಯನ್ನು ಅನುಸರಿಸಿದೆ.

ತಾಲ್ಲೂಕು ಕಚೇರಿಯೊಂದರ ಪಹಣಿಗಳು ಲಿನಕ್ಸ್ ಯಂತ್ರದ ಡಿಸ್ಕಿನಲ್ಲಿವೆಯೆಂದು ಭಾವಿಸಬಹುದು. ಬೆಳಗಿನ ಹತ್ತು ಗಂಟೆಗೆ ಅದರ ಕ್ಷಣಚಿತ್ರವನ್ನು, ಎಂದರೆ ಸ್ನ್ಯಾಪ್‌ಷಾಟನ್ನು, ತೆಗೆದರೆ ಇಡೀ ಡಿಸ್ಕು ನಕಲಾಗುವುದಿಲ್ಲ. ಅನಂತರ ಯಾವ ಭಾಗವು ಬದಲಾಗಬೇಕೋ ಅದರ ಹಳೆಯ ರೂಪವನ್ನು ಮಾತ್ರ ಯಂತ್ರವು ಮೊದಲು ಬೇರೆಡೆ ಎತ್ತಿಡುತ್ತದೆ. ಬಹಳ ಮಿತವ್ಯಯದ ಉಪಾಯವಿದು! ಈ ಕ್ಷಣಚಿತ್ರಕ್ಕೂ ‘ಡೆವ್’ ಕೋಶದಲ್ಲಿ ಸ್ವಂತ ಹೆಸರು ದೊರೆಯುತ್ತದೆ. ಆ ಹೆಸರನ್ನು ಹಿಡಿದು ಒಂದು ಬರಿದಾದ ಕೋಶಕ್ಕೆ ಜೋಡಿಸಿದರೆ, ಮಧ್ಯಾಹ್ನ ಅಳಿಸಿಹೋದ ರೈತನ ಹೆಸರನ್ನು ಹತ್ತು ಗಂಟೆಯಲ್ಲಿದ್ದಂತೆಯೇ ಓದಬಹುದು. ಓದಲು ಮಾತ್ರ ಅನುಮತಿಯಿಟ್ಟು ಜೋಡಿಸುವುದು ಲೇಸು.

ವಿಂಡೋಸ್ ಯಂತ್ರದಲ್ಲಿ ಯುನಿಕ್ಸಿನ ವಾತಾವರಣವನ್ನು ಒದಗಿಸುವ ‘ಸಿಗ್ವಿನ್’ನಲ್ಲಿ ದಾರಿ ಬೇರೆ. ಅಲ್ಲಿ ‘ಪ್ರಾಕ್’, ‘ಸಿಸ್’, ‘ಡಿವೈಸ್’ ಕೋಶಗಳನ್ನು ಹಾದುಹೋದರೆ ‘ಹಾರ್ಡ್‌ಡಿಸ್ಕ್‌ವಾಲ್ಯೂಮ್‌ಷ್ಯಾಡೋಕಾಪಿ’ ಎಂಬ ಉದ್ದನೆಯ ಹೆಸರೂ ಅದರ ತುದಿಗೆ ಒಂದು ಸಂಖ್ಯೆಯೂ ಎದುರಾಗುತ್ತವೆ. ಹೊಸ ಕ್ಷಣಚಿತ್ರಕ್ಕೆ ಹೊಸ ಸಂಖ್ಯೆ. ನಿನ್ನೆಯ ಸಂಖ್ಯೆಯನ್ನು ನಂಬಿ ಹೋದವನಿಗೆ ಇಂದಿನ ಸ್ಥಿತಿ ಕಾಣದು.

ಆದರೆ ಕ್ಷಣಚಿತ್ರವು ಶಾಸನದ ಪಡಿಯಚ್ಚಿನಂತಲ್ಲ. ಕಾಗದದ ಮೇಲೆ ತೆಗೆದ ಪಡಿಯಚ್ಚು ಕಲ್ಲು ಒಡೆದರೂ ಉಳಿಯುತ್ತದೆ. ಕ್ಷಣಚಿತ್ರವಾದರೋ ಬದಲಾಗದ ಭಾಗಗಳಿಗೆಲ್ಲ ಮೂಲ ಡಿಸ್ಕನ್ನೇ ಅವಲಂಬಿಸಿರುವುದರಿಂದ ಡಿಸ್ಕು ಕೆಟ್ಟರೆ ತಾನೂ ಕೆಡುತ್ತದೆ. 2019ರ ಆಗಸ್ಟಿನಲ್ಲಿ ಕಪಿಲೆಯ ನೆರೆಯು ನಂಜನಗೂಡನ್ನು ನುಗ್ಗಿದಂತೆ ನೀರು ಕಚೇರಿಯೊಳಕ್ಕೆ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ದಾಖಲೆಗಳ ಪೂರ್ಣಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ, ಬೇರೊಂದು ಊರಿನಲ್ಲಿ ಇಡಬೇಕಾಗುತ್ತದೆ. ಆ ಊರು ನರಸೀಪುರವಾಗದಿರುವುದು ಒಳ್ಳೆಯದು. ನಂಜನಗೂಡಿನಿಂದ ಹೊರಟ ನೆರೆಯು ಮುಂದೆ ಹರಿಯುವುದು ಅಲ್ಲಿಗೇ.