ಅನ್‌ಲಿಮಿಟೆಡ್ ಡೇಟಾ: ಎಷ್ಟು ಬೇಕು, ಯಾರ ಹಕ್ಕು?

ಕಳೆದ ತಿಂಗಳ ಒಂದು ಜುಮಾದಲ್ಲಿ ಖುತ್ಬಾದ ವಿಷಯ ಇಸ್ರಾಫ್, ಅಂದರೆ ದುಂದುವೆಚ್ಚ. ಮದುವೆಯ ಊಟ, ವುಝೂವಿನ ನೀರು, ಸುಮ್ಮನೆ ಉರಿಯುವ ದೀಪ, ಎಲ್ಲದರ ಮಾತು ಬಂತು. ನಮಾಝ್ ಮುಗಿದು ಜನ ಚದುರುತ್ತಿರುವಾಗ ಹೊನ್ನವಳ್ಳಿ ಕಡೆಯ ಹಿರಿಯರೊಬ್ಬರು ಹತ್ತಿರ ಬಂದರು. ತೆಂಗಿನಕಾಯಿ ಸುಲಿಯುವ ಕೆಲಸದಲ್ಲೇ ಬದುಕು ಕಳೆದವರು.

"ಹಜ್ರತ್, ಫೋನಿಗೆ ಅನ್‌ಲಿಮಿಟೆಡ್ ಡೇಟಾ ಹಾಕಿಸಿ ಅಂತ ಮೊಮ್ಮಗ ಗಂಟುಬಿದ್ದಿದ್ದಾನೆ. ಒಂದು ಸಲ ದುಡ್ಡು ಕಟ್ಟಿದ ಮೇಲೆ ಎಷ್ಟು ಬಳಸಿದರೂ ಅದೇ ರೇಟಂತೆ. ಹಾಗಿದ್ದ ಮೇಲೆ ಅದರಲ್ಲಿ ದುಂದು ಎಲ್ಲಿಂದ ಬಂತು?"

ಪ್ರಶ್ನೆ ನ್ಯಾಯವಾದದ್ದು. ಇಂದು ಅಕ್ಕಿ, ಬೇಳೆ, ಗ್ಯಾಸಿನ ಸಾಲಿನಲ್ಲಿ ರೀಚಾರ್ಜ್ ಕೂಡ ಮನೆಯ ಖರ್ಚಾಗಿದೆ. ಆದರೆ ಅಕ್ಕಿಯನ್ನು ಅಳೆದು ಹಾಕುವ ನಾವು ಡೇಟಾದ ಲೆಕ್ಕ ನೋಡುವುದಿಲ್ಲ. ಆದ್ದರಿಂದ ಅವರಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮಿತಿ ಎಂದರೇನು, ಅನ್‌ಲಿಮಿಟೆಡ್ ಎಂದರೇನು?

2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗುವ ಮುನ್ನ, ತಿಂಗಳಿಗೆ ಒಂದು ಜಿಬಿ ಡೇಟಾಗೆ ಸುಮಾರು 200ರಿಂದ 250 ರೂಪಾಯಿ ಕೊಡಬೇಕಿತ್ತು. ಜನ ಡೇಟಾ ಆನ್ ಮಾಡಿ, ಸಂದೇಶ ನೋಡಿ, ತಕ್ಷಣ ಆಫ್ ಮಾಡುತ್ತಿದ್ದರು. 2017ರ ಹೊತ್ತಿಗೆ ತಿಂಗಳಿಗೆ ಸಿಗುತ್ತಿದ್ದ ಆ ಒಂದು ಜಿಬಿ ದಿನಕ್ಕೇ ಸಿಗತೊಡಗಿತು. ಈಗ ಸಾಮಾನ್ಯವಾಗಿ ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಪ್ಲಾನ್‌ಗಳು ಬಳಕೆಯಲ್ಲಿವೆ.

ದಿನದ ಮಿತಿ ಮುಗಿದರೆ ಇಂಟರ್ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ ಇಳಿಯುತ್ತದೆ. ದೊಡ್ಡ ಕಂಪನಿಗಳ ಬಹುಪಾಲು ಪ್ಲಾನ್‌ಗಳಲ್ಲಿ ಅದು ಸೆಕೆಂಡಿಗೆ 64 ಕಿಲೋಬಿಟ್‌ಗೆ ಬರುತ್ತದೆ. ಆ ವೇಗದಲ್ಲಿ 3 ಎಂಬಿಯ ಒಂದು ಫೋಟೋ ಬರಲು ಆರು ನಿಮಿಷಕ್ಕಿಂತ ಹೆಚ್ಚು ಬೇಕು. ಅಕ್ಷರದ ಸಂದೇಶ ಹೋಗುತ್ತದೆ, ವಿಡಿಯೋ ಓಡುವುದಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಹೊಸ ದಿನದ ಡೇಟಾ ಸಿಗುತ್ತದೆ. ಹಿಂದಿನ ದಿನ ಉಳಿದದ್ದು ಸಾಮಾನ್ಯವಾಗಿ ಮರುದಿನಕ್ಕೆ ಸೇರುವುದಿಲ್ಲ.

ಇನ್ನು ಅನ್‌ಲಿಮಿಟೆಡ್ ಎಂಬ ಮಾತು. ಇದಕ್ಕೆ ಒಂದೇ ಅರ್ಥವಿಲ್ಲ.

ಮೊದಲನೆಯದು, ಕರೆಗಳು ಅನ್‌ಲಿಮಿಟೆಡ್. ರೀಚಾರ್ಜ್ ಅಂಗಡಿಯ ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಹೆಚ್ಚಾಗಿ ಇದೇ. ಡೇಟಾಗೆ ಅಲ್ಲೂ ದಿನದ ಮಿತಿ ಇರುತ್ತದೆ.

ಎರಡನೆಯದು, 5ಜಿ ಡೇಟಾ ಅನ್‌ಲಿಮಿಟೆಡ್. 2024ರ ಜುಲೈನಲ್ಲಿ ದರ ಏರಿದಾಗ ಜಿಯೋ ಮತ್ತು ಏರ್‌ಟೆಲ್ ಇದನ್ನು ದಿನಕ್ಕೆ ಎರಡು ಜಿಬಿ ಅಥವಾ ಹೆಚ್ಚಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ಇದು ಸಿಗಲು 5ಜಿ ಫೋನೂ ಬೇಕು, ನಿಂತ ಜಾಗದಲ್ಲಿ 5ಜಿ ಸಿಗ್ನಲ್ಲೂ ಬೇಕು. ತೋಟದೊಳಕ್ಕೆ ಹೋದಾಗ ಫೋನು 4ಜಿಗೆ ಇಳಿದರೆ ದಿನದ ಮಿತಿಯ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ದುಡ್ಡು ಕಟ್ಟುವ ಮೊದಲು ಮನೆಯಲ್ಲಿ ಯಾವ ಸಿಗ್ನಲ್ ಬರುತ್ತದೆ ಎಂದು ನೋಡಬೇಕು.

ಮೂರನೆಯದು, ಮನೆಗೆ ತಂತಿಯಲ್ಲಿ ಬರುವ ಫೈಬರ್ ಇಂಟರ್ನೆಟ್. ಇದನ್ನೂ ಅನ್‌ಲಿಮಿಟೆಡ್ ಎನ್ನುತ್ತಾರೆ, ಆದರೆ ಹಲವು ಪ್ಲಾನ್‌ಗಳ ನಿಯಮದಲ್ಲಿ ತಿಂಗಳಿಗೆ 3300 ಜಿಬಿ ಎಂದಿರುತ್ತದೆ. ಅದು ದಿನಕ್ಕೆ 110 ಜಿಬಿ ಆಯಿತು. ಸಾಮಾನ್ಯ ಮನೆಯವರು ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ಮಿತಿ ಇದೆ ಎಂಬುದು ನಿಜ.

ಕಂಪನಿಗಳು ಮಿತಿ ಹಾಕಲು ಲಾಭ ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಫೋನುಗಳೂ ಹಂಚಿಕೊಳ್ಳುತ್ತವೆ. ಕೆರೆಯ ತೂಬಿನ ನೀರನ್ನು ನೀರಗಂಟಿ ಸರದಿಯಂತೆ ಬಿಡದಿದ್ದರೆ ಕೊನೆಯ ಗದ್ದೆ ಒಣಗುತ್ತಿತ್ತು. ಸಂಜೆ ಎಲ್ಲರೂ ವಿಡಿಯೋ ಹಚ್ಚಿದಾಗ ನೆಟ್ ನಿಧಾನವಾಗುವುದು ಇದೇ ಕಾರಣಕ್ಕೆ.

ಡೇಟಾ ಎಲ್ಲಿ ಹೋಗುತ್ತದೆ?

ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ನೋಡಲು, ನಮಾಝಿನ ಸಮಯ ನೋಡಲು, ಯುಪಿಐಯಲ್ಲಿ ಹಣ ಕಳಿಸಲು ಬೇಕಾಗುವ ಡೇಟಾ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಒಮ್ಮೆ ಇಳಿಸಿಕೊಂಡ ಕುರ್‌ಆನ್ ಪಾರಾಯಣ ಕೇಳಲು ಡೇಟಾ ಬೇಕೇ ಇಲ್ಲ. ವಾಟ್ಸಾಪ್‌ನಲ್ಲಿ ಒಂದು ಗಂಟೆ ಮಾತನಾಡಿದರೂ ಖರ್ಚಾಗುವುದು ಕೆಲವು ಹತ್ತು ಎಂಬಿ ಮಾತ್ರ.

ಡೇಟಾ ತಿನ್ನುವುದು ವಿಡಿಯೋ. ಸಾಧಾರಣ ಗುಣಮಟ್ಟದಲ್ಲಿ, ಅಂದರೆ 480ರಲ್ಲಿ ನೋಡಿದರೆ ಗಂಟೆಗೆ ಅಂದಾಜು ಅರ್ಧ ಜಿಬಿ. 720ರಲ್ಲಿ ಒಂದು ಜಿಬಿ ಅಥವಾ ಅದಕ್ಕಿಂತ ಹೆಚ್ಚು. 1080ರಲ್ಲಿ ಎರಡು ಜಿಬಿ ದಾಟಬಹುದು. ಕೈಯಗಲದ ಪರದೆಯಲ್ಲಿ ಪಾಠ ಕೇಳುವವರಿಗೆ 480 ಸಾಕು. ಆದರೆ ನೆಟ್ ವೇಗವಾಗಿದ್ದರೆ ಫೋನು ತಾನಾಗಿಯೇ ದೊಡ್ಡ ಗುಣಮಟ್ಟವನ್ನು ಆರಿಸಿಕೊಳ್ಳಬಹುದು. ರೀಲ್ಸ್‌ಗಳಂತೂ ಒಂದು ಮುಗಿಯುವ ಮೊದಲೇ ಮುಂದಿನದನ್ನು ಇಳಿಸಿಕೊಂಡಿರುತ್ತವೆ.

ಮಿತಿ ಇಲ್ಲದಿದ್ದರೆ ಏನು ಮುಗಿಯುತ್ತದೆ?

ಈಗ ಹಿರಿಯರ ಪ್ರಶ್ನೆಗೆ ಬರೋಣ. ಎಷ್ಟು ಬಳಸಿದರೂ ಅದೇ ರೇಟಾದರೆ ದುಂದು ಎಲ್ಲಿ?

ಅವರನ್ನೇ ಕೇಳಿದೆವು: "ಚಾಚಾ, ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹಾಗಂತ ಮೋಟಾರನ್ನು ಇಡೀ ರಾತ್ರಿ ಓಡಿಸಿದರೆ ಏನಾಗುತ್ತದೆ?"

"ಬಿಲ್ ಬರೋದಿಲ್ಲ. ಬೋರು ಬತ್ತುತ್ತದೆ" ಎಂದರು.

ಉತ್ತರ ಅದೇ. ಬಿಲ್ ಹೆಚ್ಚಾಗದ ಮಾತ್ರಕ್ಕೆ ಏನೂ ಖರ್ಚಾಗುತ್ತಿಲ್ಲ ಎಂದರ್ಥವಲ್ಲ. ಡೇಟಾದ ಹಿಂದೆ ಖರ್ಚಾಗುವುದು ಸಮಯ, ನಿದ್ದೆ, ಕಣ್ಣು, ಫಜ್ರ್ ನಮಾಝ್. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹಳ ಜನ ನಷ್ಟ ಹೊಂದಿದ್ದಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಅಂತ್ಯದಿನದಲ್ಲಿ ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಸಂಪತ್ತನ್ನು ಎಲ್ಲಿಂದ ಗಳಿಸಿ ಎಲ್ಲಿ ವ್ಯಯಿಸಿದೆ ಎಂದು ವಿಚಾರಿಸಲಾಗುವುದು ಎಂಬುದು ತಿರ್ಮಿದಿಯಲ್ಲಿರುವ ಹದೀಸ್‌ನ ಸಾರ.

ಇನ್ನೊಂದು ಪ್ರಸಂಗ ಇಬ್ನು ಮಾಜಾದಲ್ಲಿದೆ. ಸಅದ್(ರ) ವುಝೂ ಮಾಡುತ್ತಿದ್ದಾಗ ಪ್ರವಾದಿವರ್ಯರು(ಸ) ನೀರಿನ ಅತಿಬಳಕೆಯನ್ನು ಎತ್ತಿ ತೋರಿಸಿದರು. ವುಝೂವಿನಲ್ಲೂ ದುಂದು ಇದೆಯೇ ಎಂದು ಸಅದ್(ರ) ಕೇಳಿದಾಗ, ಹರಿಯುವ ನದಿಯ ದಡದಲ್ಲಿದ್ದರೂ ಇದೆ ಎಂಬರ್ಥದ ಉತ್ತರ ಬಂತು. ಈ ವರದಿಯ ಸನದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂಬುದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಸ್ಥಿರಪಟ್ಟಿದೆ. ನದಿಗೆ ಮಿತಿಯಿಲ್ಲ, ಅದಕ್ಕೆ ಬಿಲ್ಲೂ ಇಲ್ಲ. ಆದರೂ ಸತ್ಯವಿಶ್ವಾಸಿಯ ಅಳತೆ ಅವನ ಅಗತ್ಯವೇ ಹೊರತು ನದಿಯ ಗಾತ್ರವಲ್ಲ.

ಮೊದಲು ಹಕ್ಕು, ಆಮೇಲೆ ಖರ್ಚು

ಪವಿತ್ರ ಕುರ್‌ಆನಿನ ಸೂರಾ ಬನೀ ಇಸ್ರಾಈಲ್‌ನ 26 ಮತ್ತು 27ನೇ ಸೂಕ್ತಗಳನ್ನು ದುಂದುಗಾರರಿಗೆ ಎಚ್ಚರಿಕೆಯೆಂದು ನಾವು ಆಗಾಗ ಕೇಳುತ್ತೇವೆ. ಆದರೆ 26ನೇ ಸೂಕ್ತ ಆರಂಭವಾಗುವುದು ದುಂದಿನಿಂದಲ್ಲ. ಬಂಧುವಿಗೆ, ಬಡವನಿಗೆ, ಪ್ರಯಾಣಿಕನಿಗೆ ಅವರ ಹಕ್ಕನ್ನು ಕೊಡಿರೆಂದು ಮೊದಲು ಆದೇಶವಿದೆ. ದುಂದು ಮಾಡಬೇಡಿರೆಂಬುದು ಅದರ ನಂತರ. ಒಬ್ಬನ ದುಂದು ಹೆಚ್ಚಾಗಿ ಇನ್ನೊಬ್ಬನ ಹಕ್ಕನ್ನು ತಿಂದೇ ಬೆಳೆಯುತ್ತದೆ ಎಂಬುದು ಇದರಿಂದ ನಮಗೆ ತಿಳಿಯಬೇಕಾದ ಪಾಠ.

ಹಿರಿಯರ ಮನೆಯ ಸ್ಥಿತಿ ವಿಚಾರಿಸಿದಾಗ ಇದು ಸ್ಪಷ್ಟವಾಯಿತು. ಮೊಮ್ಮಗನ ಫೋನಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಅವನ ಅಕ್ಕ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಾಳೆ, ಸಂಜೆ ಅದೇ ಫೋನಿನ ಹಾಟ್‌ಸ್ಪಾಟ್ ಹಿಡಿದು ಪಾಠದ ವಿಡಿಯೋ ನೋಡುತ್ತಾಳೆ. ಮಧ್ಯಾಹ್ನದೊಳಗೆ ರೀಲ್ಸ್‌ನಲ್ಲಿ ಡೇಟಾ ಮುಗಿದಿರುತ್ತದೆ. ಅವಳು ಕೂತಾಗ ಪರದೆಯ ಮೇಲೆ ಚಕ್ರ ತಿರುಗುತ್ತಿರುತ್ತದೆ. ಅವಳು ದೂರು ಹೇಳಿರಲಿಲ್ಲ. ಮನೆಯಲ್ಲಿ ಯಾರೂ ಕೇಳಿಯೂ ಇರಲಿಲ್ಲ.

ಇಂಥ ಮನೆಯಲ್ಲಿ ಡೇಟಾ ಹೆಚ್ಚಿಸುವುದು ತಪ್ಪೇನಲ್ಲ. ಸೂರಾ ಅಲ್‌ಫುರ್ಕಾನ್‌ನ 67ನೇ ಸೂಕ್ತವು ದುಂದನ್ನೂ ಜಿಪುಣತನವನ್ನೂ ಬಿಟ್ಟು ನಡುವಿನ ದಾರಿಯಲ್ಲಿ ನಡೆಯುವವರನ್ನು ಮೆಚ್ಚಿದೆ. ಹೆಣ್ಣುಮಗಳ ಓದಿಗೆ ಬೇಕಾದ ಡೇಟಾಗೆ ಕೈ ಬಿಗಿಹಿಡಿದು ಅದನ್ನು ಮಿತವ್ಯಯ ಎನ್ನುವುದು ಸರಿಯಲ್ಲ. ಆದರೆ ಅನ್‌ಲಿಮಿಟೆಡ್ ಹಾಕಿಸಿಕೊಟ್ಟು, ಫೋನು ಮಾತ್ರ ಅಣ್ಣತಮ್ಮಂದಿರ ಕೈಯಲ್ಲೇ ಉಳಿದರೆ ಅವಳ ಹಕ್ಕು ಆಗಲೂ ಸಿಗುವುದಿಲ್ಲ.

ಮಾರುವವರ ಮೇಲೂ ಹೊಣೆಯಿದೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಪ್ರವಾದಿವರ್ಯರು(ಸ), ಅದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ವ್ಯಾಪಾರಿಗೆ ಹೇಳಿದ ಘಟನೆ ಮುಸ್ಲಿಮ್‌ನಲ್ಲಿದೆ. ಮೂಟೆಯ ಬಾಯಲ್ಲಿ ದಪ್ಪ ಕೊಬ್ಬರಿ, ತಳದಲ್ಲಿ ಚೂರು ಇಡಬಾರದೆಂಬುದು ನಮ್ಮ ಕಡೆಯ ವ್ಯಾಪಾರಿಗಳಿಗೂ ಗೊತ್ತು. ರೀಚಾರ್ಜ್ ಅಂಗಡಿ ಇಟ್ಟಿರುವ ನಮ್ಮ ಸಹೋದರರು ಅನ್‌ಲಿಮಿಟೆಡ್ ಎಂದು ಹೇಳುವಾಗ ಏನು ಅನ್‌ಲಿಮಿಟೆಡ್, ಯಾವುದಕ್ಕೆ ಮಿತಿಯಿದೆ ಎಂಬುದನ್ನೂ ಹೇಳಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಅಳೆಯಿರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಎಂಬ ಭಾಗ ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ಕಾಣುತ್ತದೆ. ಒಂದು ವಾರ ನೋಡಿದ ಮೇಲೆ ಪ್ಲಾನ್ ಆರಿಸಿ. ವಾಟ್ಸಾಪ್‌ನಲ್ಲಿ ಫೋಟೋ, ವಿಡಿಯೋ ತಾವಾಗಿಯೇ ಇಳಿಯುವುದನ್ನು ನಿಲ್ಲಿಸಿ. ವಿಡಿಯೋ ಗುಣಮಟ್ಟವನ್ನು 480ಕ್ಕೆ ಇಡಿ.

28 ದಿನದ ಪ್ಲಾನ್ ಎಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. 299 ರೂಪಾಯಿಯಂತೆ ನಾಲ್ಕು ಫೋನಿಗೆ ವರ್ಷಕ್ಕೆ 15,548 ರೂಪಾಯಿ ಆಗುತ್ತದೆ. ಊರಿಗೆ ಫೈಬರ್ ಬಂದಿದ್ದು ಮನೆಯಲ್ಲಿ ನಾಲ್ಕೈದು ಜನ ಬಳಸುವವರಿದ್ದರೆ, ಅದರ ಖರ್ಚನ್ನೂ ಈ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಬಟನ್ ಫೋನ್ ಬಳಸುವ ಹಿರಿಯರಿಗೆ ಡೇಟಾ ಇರುವ ಪ್ಲಾನ್ ಬೇಡ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲಿ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನನ್ನೂ ಕೊಡಲೇಬೇಕೆಂದು ಕಂಪನಿಗಳಿಗೆ ನಿಯಮ ಮಾಡಿತು. 2025ರ ಜನವರಿಯಲ್ಲಿ ಇಂಥ 84 ದಿನದ ಪ್ಲಾನ್‌ಗಳು 450ರಿಂದ 470 ರೂಪಾಯಿಯ ಆಸುಪಾಸಿನಲ್ಲಿ ಬಂದವು. 299ರ ಡೇಟಾ ಪ್ಲಾನನ್ನು ಅದೇ 84 ದಿನಕ್ಕೆ ಮೂರು ಸಲ ಹಾಕಿಸಿದರೆ 897 ರೂಪಾಯಿ. ಹೆಚ್ಚುಕಡಿಮೆ ಅರ್ಧ ಉಳಿಯಿತು. ದರಗಳು ಬದಲಾಗುತ್ತಿರುತ್ತವೆ, ಅಂಗಡಿಯಲ್ಲಿ "ಕರೆ ಮಾತ್ರ ಇರುವ ಪ್ಲಾನ್" ಎಂದು ಕೇಳಿ ಪಡೆಯಿರಿ.

ಓದುವ ಮಕ್ಕಳ ಸಮಯವನ್ನು ಮೊದಲೇ ಗೊತ್ತುಮಾಡಿ, ಅದು ಮುಗಿದ ಮೇಲೆ ಉಳಿದವರ ಬಳಕೆ ಇರಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಸೌಲಭ್ಯ ಇದೆಯೇ ಎಂದು ವಿಚಾರಿಸಿ. ಇಶಾ ನಂತರ ಮನೆಯ ಎಲ್ಲ ಫೋನುಗಳೂ, ಅಬ್ಬಾನದ್ದೂ ಸೇರಿ, ಒಂದೇ ಕಡೆ ಚಾರ್ಜಿಗೆ ಇರಲಿ. ದೊಡ್ಡವರು ಪಾಲಿಸದ ನಿಯಮವನ್ನು ಮಕ್ಕಳು ಪಾಲಿಸುವುದಿಲ್ಲ.

ಮಸೀದಿಯ ಬಗ್ಗೆ ಒಂದು ಮಾತು. ಖುತ್ಬಾದ ವೇಳೆ ನೆಲದ ಕಲ್ಲುಗಳನ್ನು ಮುಟ್ಟಿ ಆಡುವುದನ್ನೂ ವ್ಯರ್ಥ ಕೆಲಸವೆಂದು ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಹಾಗಿರುವಾಗ ಕೊನೆಯ ಸಾಲಿನಲ್ಲಿ ಕೂತು ಫೋನಿನ ಪರದೆ ಉಜ್ಜುವುದು ಹೇಗೆ ಸರಿಯಾದೀತು?

ಹಿರಿಯರ ಜೇಬಿನಲ್ಲಿ ಇದ್ದದ್ದು

ಮಾತು ಮುಗಿಯುವಾಗ ಹಿರಿಯರು ತಮ್ಮ ಜೇಬಿನಿಂದ ಫೋನು ತೆಗೆದರು. ಸಾದಾ ಬಟನ್ ಫೋನು. ಅದಕ್ಕೂ ಮೊಮ್ಮಗ ಪ್ರತಿ 28 ದಿನಕ್ಕೆ ಡೇಟಾ ಇರುವ ಪ್ಲಾನನ್ನೇ ಹಾಕಿಸುತ್ತಿದ್ದ. ಇಂಟರ್ನೆಟ್ಟೇ ನೋಡದ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ! ಅಷ್ಟು ಹೊತ್ತೂ ನಾವಿಬ್ಬರೂ ದುಂದನ್ನು ಹುಡುಗನ ಫೋನಿನಲ್ಲಿ ಮಾತ್ರ ಹುಡುಕುತ್ತಿದ್ದೆವು.

ಮುಂದಿನ ಜುಮಾಕ್ಕೆ ಸಿಕ್ಕಾಗ, ಅವಧಿ ಮುಗಿದ ಕೂಡಲೇ ತಮ್ಮದಕ್ಕೆ ಕರೆ ಮಾತ್ರ ಹಾಕಿಸುವುದಾಗಿ ಹೇಳಿದರು. ಉಳಿಯುವ ದುಡ್ಡು ಮೊಮ್ಮಗಳ ಓದಿನ ಡೇಟಾಗೆ. ಮೊಮ್ಮಗನಿಗೆ ಅನ್‌ಲಿಮಿಟೆಡ್ ಸದ್ಯಕ್ಕಿಲ್ಲ. ಸಂಜೆ ಆರರಿಂದ ಎಂಟರವರೆಗೆ ಅವನ ಫೋನು ಅಕ್ಕನ ಬಳಿ ಇರುತ್ತದೆ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ.

ಅನ್‌ಲಿಮಿಟೆಡ್ ಪ್ಲಾನ್ ಹರಾಮಲ್ಲ. ಮಿತಿಯ ಪ್ಲಾನ್ ಹಾಕಿಸಿದ ಮಾತ್ರಕ್ಕೆ ತಖ್ವಾ ಬರುವುದೂ ಇಲ್ಲ. ನಮಗೆ ಎಷ್ಟು ಬೇಕು, ಇದರಲ್ಲಿ ಯಾರ ಹಕ್ಕಿದೆ ಎಂಬ ಎರಡು ಪ್ರಶ್ನೆಗಳನ್ನು ರೀಚಾರ್ಜ್‌ಗೆ ಮೊದಲು ಮನೆಯವರೆಲ್ಲ ಕೂತು ಕೇಳಿಕೊಳ್ಳೋಣ.

ಅಲ್ಲಾಹನು ನಮ್ಮ ಸಂಪಾದನೆಯಲ್ಲೂ ಸಮಯದಲ್ಲೂ ಬರಕತ್ ನೀಡಲಿ, ಒಬ್ಬರ ಹಕ್ಕನ್ನು ಇನ್ನೊಬ್ಬರು ತಿನ್ನದಂತೆ ನಮ್ಮ ಮನೆಗಳನ್ನು ಕಾಪಾಡಲಿ. ಆಮೀನ್.