ದೀಪಾವಳಿಗೆ ಮೊದಲೇ ಪಟಾಕಿ

ನಮ್ಮ ಮನೆಯಲ್ಲಿ ತಂದೆಯವರ ಕಾಲದ್ದೊಂದು ಬುಲೆಟ್ ಮೋಟಾರ್ ಸೈಕಲ್ಲಿದೆ. ಮೈಸೂರಿನಿಂದ ಕೆಲಸಕ್ಕೆಂದು ಮದರಾಸಿಗೆ ಬಂದ ಅವರು 1985ರಲ್ಲಿ ಅದನ್ನು ಕೊಂಡರು. ನಾವು ಮೊದಲ ದಿನ ಶಾಲೆಗೆ ಹೋದದ್ದು ಅದರ ಟ್ಯಾಂಕಿನ ಮೇಲೆ ಕುಳಿತು. ಅಂಥ ಗಾಡಿ 2025ರಲ್ಲಿ ನಮ್ಮ ಮಾನ ಕಳೆಯಲು ಹೊರಟಿತು. ಆಕ್ಸಿಲರೇಟರ್ ಬಿಟ್ಟೊಡನೆ ಸೈಲೆನ್ಸರಿನಿಂದ ಪಟ್ ಪಟ್ ಎಂಬ ಸಿಡಿತ! ಎದುರುಮನೆಯ ಮಾಮಿಯವರಂತೂ, ಕನ್ನಡದವರಿಗೆ ದೀಪಾವಳಿ ಮೊದಲೇ ಬರುತ್ತದೆಯೇ ಎಂದು ಕೇಳಿಯೇ ಬಿಟ್ಟರು.

ನಗುವ ಮಾತಾಗಿರಲಿಲ್ಲ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಯಾಗಿ ನೋಂದಣಿ ನವೀಕರಣವಾಗಬೇಕು. ಆ ವರ್ಷವೇ ನಮ್ಮ ಸರದಿ. ತೇರ್ಗಡೆಯಾಗದಿದ್ದರೆ ಗುಜರಿಗೆ ಕೊಟ್ಟುಬಿಡೋಣವೆಂದು ಮನೆಯಲ್ಲಿ ಮಾತು ಎದ್ದಿತ್ತು. ತಂದೆಯವರು ಏನೂ ಹೇಳಲಿಲ್ಲ. ಓದುತ್ತಿದ್ದ ಪತ್ರಿಕೆಯನ್ನು ಮಾತ್ರ ತುಸು ಮೇಲೆತ್ತಿ ಹಿಡಿದರು.

ಕಚೇರಿಯಲ್ಲಿ ಕಡತ ತಿರುವುವ ಕೈ ನಮ್ಮದು. ಮೊದಲು ಕಣ್ಣಿಗೆ ಬಿದ್ದ ತಿರುಪನ್ನೇ ತಿರುಗಿಸಿದೆವು. ಕಾರ್ಬ್ಯುರೇಟರಿನ ಏರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದಷ್ಟೂ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಸಿಡಿತ ನಿಂತಿತು! ಬೀಗುತ್ತ ಹೊಗೆ ತಪಾಸಣೆಗೆ ಹೋದೆವು. 2000ಕ್ಕೆ ಮುಂಚಿನ ದ್ವಿಚಕ್ರ ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 4.5ನ್ನು ಮೀರಬಾರದು. ನಮ್ಮದು ಮೀರಿತು. ಪ್ಲಗ್ಗು ಬಿಚ್ಚಿದರೆ ಒಲೆಯ ಮಸಿಯ ಬಣ್ಣ.

ಆಗ ತಂದೆಯವರು ಬಾಯಿ ಬಿಟ್ಟರು: "ಕೆಮ್ಮುವ ಮಗುವಿನ ಬಾಯಿಗೆ ಲಾಡು ತುರುಕಿದ ಹಾಗಾಯಿತಲ್ಲೋ ನಿನ್ನ ವೈದ್ಯ! ಕೆಮ್ಮೇನೋ ನಿಂತಿತು, ಉಸಿರೂ ಕಟ್ಟಿತು. ಮೊದಲು ಕೆಮ್ಮು ಎಲ್ಲಿಂದ ಬಂತು ನೋಡು."

ಈ ಕೆಮ್ಮಿನ ಮೂಲವನ್ನು ಅವರಿಂದ ತಿಳಿದಂತೆ ಓದುಗರಿಗೆ ಅರಿಕೆ ಮಾಡುತ್ತೇವೆ. ಓಡುತ್ತಿರುವ ಗಾಡಿಯ ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿಗೆ ಬರುವ ಮಿಶ್ರಣ ಅತ್ಯಲ್ಪ. ಅದು ಕಿಡಿಗೆ ಸರಿಯಾಗಿ ಹೊತ್ತುವುದಿಲ್ಲ. ಉರಿಯದೆ ಉಳಿದದ್ದು ಕಾದ ಬೆಂಡ್ ಪೈಪಿಗೆ ಹೋಗುತ್ತದೆ. ಅಲ್ಲಿ ಯಾವುದಾದರೂ ಕೀಲು ಸಡಿಲವಾಗಿದ್ದು ಹೊರಗಿನ ಗಾಳಿ ನುಗ್ಗಿತೋ, ಎಂಜಿನ್ನಿನೊಳಗೆ ಆಗಬೇಕಾದ ದಹನ ಪೈಪಿನೊಳಗೆ ಆಗುತ್ತದೆ. ಅದೇ ಆ ಪಟಾಕಿ.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವುಂಟು. ಮೊದಲನೆಯದಾಗಿ ಪೈಪಿನ ಕೀಲುಗಳು. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ ಕೀಲಿನ ಸುತ್ತ ಸೋಪಿನ ನೀರು ಸವರಿರಿ. ಸೋರಿಕೆಯಿದ್ದರೆ ಗುಳ್ಳೆ ಏಳುತ್ತದೆ. ಕಪ್ಪು ಮಸಿಯ ಗೆರೆಯೂ ಅದೇ ಸಾಕ್ಷಿ ಹೇಳುತ್ತದೆ. ಎರಡನೆಯದಾಗಿ ಕಾರ್ಬ್ಯುರೇಟರ್ ಎಂಜಿನ್ನಿಗೆ ಕೂಡುವ ಜಾಗ. ಅಲ್ಲಿ ಗಾಳಿ ಹೊಕ್ಕರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಬೇಗ ಇಳಿಯದು. ಮೂರನೆಯದಾಗಿ ಕಿಡಿ. ಹಳೆಯ ಬುಲೆಟ್ಟಿನ ಪಾಯಿಂಟುಗಳ ಅಂತರ 0.35ರಿಂದ 0.40 ಮಿಲಿಮೀಟರ್ ಇರತಕ್ಕದ್ದು. ನಾಲ್ಕನೆಯದಾಗಿ ಟ್ಯಾಪೆಟ್. ತಣ್ಣಗಿರುವ ಎಂಜಿನ್ನಿನಲ್ಲಿ, ವಾಲ್ವ್ ಮುಚ್ಚಿರುವಾಗ, ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಇಷ್ಟೆಲ್ಲ ಆದ ಮೇಲೆಯೇ ಕಾರ್ಬ್ಯುರೇಟರಿನ ತಿರುಪು.

ನಮ್ಮ ಕಳ್ಳ ಮೊದಲ ಹೆಜ್ಜೆಯಲ್ಲೇ ಸಿಕ್ಕಿಬಿದ್ದ. ಹಿಂದಿನ ವರ್ಷ ಬೆಂಡ್ ಪೈಪನ್ನು ತೊಳೆಯಲೆಂದು ಬಿಚ್ಚಿ, ಸರಿಯಾಗಿ ಕೂಡಿಸದೆ ಬಿಟ್ಟವರು ಸ್ವತಃ ನಾವೇ! ಅದನ್ನು ಕಳಚಿ, ಮಸಿ ಕೆರೆದು, ಶಾಖ ತಡೆಯುವ ಪೇಸ್ಟ್ ಹಚ್ಚಿ ಭದ್ರವಾಗಿ ಕೂಡಿಸಿದೆವು.

ಆಮೇಲೆ ಟ್ಯೂನಿಂಗ್. ಐದಾರು ಕಿಲೋಮೀಟರ್ ಓಡಿಸಿ ಎಂಜಿನ್ ಕಾದ ಮೇಲೆ, ಬಯಲು ಜಾಗದಲ್ಲಿಯೇ ನಿಲ್ಲಿಸಿ ಮಾಡಬೇಕು. ಮುಚ್ಚಿದ ಕೊಠಡಿಯಲ್ಲಿ ಆ ಹೊಗೆ ಪ್ರಾಣಕ್ಕೆ ಎರವು. ಏರ್ ಸ್ಕ್ರೂವನ್ನು ಮೆಲ್ಲಗೆ ಕೊನೆಯವರೆಗೆ ಒಳಕ್ಕೆ ತಿರುಗಿಸಿ, ಸುಮಾರು ಒಂದೂವರೆ ಸುತ್ತು ಹಿಂದಕ್ಕೆ ತರಬೇಕು. ಬಲ ಹಾಕಿದರೆ ಅದು ಕೂರುವ ಜಾಗ ಕೆಡುತ್ತದೆ. ಅಲ್ಲಿಂದ ಕಾಲು ಸುತ್ತಿನಂತೆ ಅತ್ತಿತ್ತ ತಿರುಗಿಸುತ್ತ, ಎಂಜಿನ್ ಎಲ್ಲಿ ಅತ್ಯಂತ ಚುರುಕಾಗಿ, ಒಂದೇ ಸಮನೆ ಓಡುವುದೋ ಅಲ್ಲಿ ನಿಲ್ಲಿಸಿ, ಬಳಿಕ ಐಡಲ್ ವೇಗವನ್ನು ಇಳಿಸಬೇಕು. ಕೆಲವು ದಿನ ಓಡಿಸಿ ಪ್ಲಗ್ಗು ನೋಡಿರಿ. ಕಾಫಿಯ ಬಣ್ಣವಾದರೆ ಕ್ಷೇಮ. ಮಸಿಗಪ್ಪಾದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬೆಳ್ಳಗಾದರೆ ಗಾಳಿ ಹೆಚ್ಚು, ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂದರ್ಥ.

ಇನ್ನೊಂದು ಮಾತು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20 ಮುಟ್ಟಿತು. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಾಲು ಸಾಕು. ಹಳೆಯ ಜೆಟ್ಟಿಗೆ ಈ ಹೊಸ ಲೆಕ್ಕ ತಿಳಿಯದು. ಎಂದಿನಷ್ಟೇ ಇಂಧನ ಬಿಡುತ್ತದೆ, ಗಾಳಿ ಹೆಚ್ಚಾಗುತ್ತದೆ. ಆದ್ದರಿಂದ ಹಿಂದಿನ ಅಳತೆಗೆ ಕೂರಿಸಿದ ಗಾಡಿಯನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಲೇಸು.

1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿಗಳನ್ನು ಸಾಕಿಕೊಂಡವರೂ ನಮ್ಮ ಓದುಗರಲ್ಲಿ ಇದ್ದಾರು. ಅವು ಟೂ-ಸ್ಟ್ರೋಕ್ ಗಾಡಿಗಳಾದ್ದರಿಂದ ಟ್ಯಾಪೆಟ್ಟಿನ ಗೊಡವೆಯಿಲ್ಲ. ಅದರ ಬದಲು ಸೈಲೆನ್ಸರಿನೊಳಗೆ ಕಟ್ಟುವ ಎಣ್ಣೆಮಸಿಯನ್ನು ತೆಗೆಯುತ್ತಿರಬೇಕು.

ನಮ್ಮ ಗಾಡಿ ಎರಡನೆಯ ಸಲಕ್ಕೆ ತೇರ್ಗಡೆಯಾಯಿತು, 2030ರವರೆಗೆ ಚಿಂತೆಯಿಲ್ಲ. ಅಂದು ಸಂಜೆ ತಂದೆಯವರು ಹಿಂದಿನ ಸೀಟಿನಲ್ಲಿ ಕುಳಿತು ಬಂದರು. ಮೇಲ್ಸೇತುವೆಯ ಇಳಿಜಾರಿನಲ್ಲಿ "ಈಗ ಬಿಡು" ಎಂದರು. ಬಿಟ್ಟೆವು. ಸಿಡಿತವಿಲ್ಲ. "ಹೂಂ" ಎಂದರು, ಅಷ್ಟೇ. ಗುಜರಿಯ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಸಂಘದ ಮುಂದಿನ ಸಭೆಗೆ ಯಾರಾದರೂ ಪಟಾಕಿ ಸಿಡಿಸುತ್ತ ಬಂದರೆ ಸಂಕೋಚ ಬೇಡ. ನಮ್ಮ ತಂದೆಯವರು ಅಲ್ಲಿಯೇ ಇರುತ್ತಾರೆ. ಕಿವಿಗೊಟ್ಟು ಕೇಳಲು ಸಿದ್ಧರಿದ್ದಾರೆ.