ಒಂದೇ ಯೂಟ್, ಎರಡು ಬ್ಯಾಟರಿ

ದಕ್ಷಿಣ ಆಸ್ಟ್ರೇಲಿಯದ ಮಾರೀ ಎಂಬ ಪುಟ್ಟ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ಗೆ ಹೋಗುವ ಮಣ್ಣುದಾರಿಯ ಉದ್ದ 517 ಕಿ.ಮೀ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಬೆಂಗಳೂರಿನಿಂದ ವಿಜಯಪುರ. ಆದರೆ ನಡುವೆ ತುಮಕೂರು, ಚಿತ್ರದುರ್ಗ, ಹೊಸಪೇಟೆಗಳಿಲ್ಲ. ಮುಂಗರಾನಿ ಎಂಬಲ್ಲಿ ಒಂದು ಹೋಟೆಲು, ಅಲ್ಲೊಂದು ಇಲ್ಲೊಂದು ದನದ ಫಾರ್ಮಿಗೆ ತಿರುಗುವ ದಾರಿ, ಉಳಿದದ್ದು ಕಲ್ಲು ಮತ್ತು ಮರಳು. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಅಂಥ ಕಡೆ ರಾತ್ರಿ ಬಿಡಾರ ಹೂಡಿ, ಫ್ರಿಜ್ಜು, ದೀಪ ಎಲ್ಲ ಹಚ್ಚಿಟ್ಟು ಮಲಗಿ, ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ಬರೀ ಟಿಕ್ ಟಿಕ್ ಎಂದರೆ? ನಮ್ಮೂರಲ್ಲಾದರೆ ನಾಲ್ಕು ಜನ ಐಸಾ ಎಂದು ತಳ್ಳುತ್ತಾರೆ. ಅಲ್ಲಿ ತಳ್ಳಲು ಜನವಿಲ್ಲ. ಇದ್ದರೂ ಈಗಿನ ಆಟೊಮ್ಯಾಟಿಕ್ ಗೇರಿನ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಈ ಒಂದು ಬೆಳಗನ್ನು ತಪ್ಪಿಸಲೆಂದೇ ಆ ದೇಶದಲ್ಲಿ ಒಂದು ಕಸುಬು ಬೆಳೆದಿದೆ: ಗಾಡಿಗೆ ಎರಡನೇ ಬ್ಯಾಟರಿ ಕೂರಿಸುವ ಕಸುಬು.

ಗಾಡಿ ಎಂದರೆ ಅಲ್ಲಿ ಬಹುಪಾಲು ಯೂಟ್. ಮುಂದೆ ಕಾರಿನಂತೆ ಕ್ಯಾಬಿನ್, ಹಿಂದೆ ಸರಂಜಾಮು ಹೇರುವ ತೆರೆದ ತೊಟ್ಟಿ. ಇದರ ಹುಟ್ಟಿನ ಕತೆಯನ್ನು ಆಸ್ಟ್ರೇಲಿಯನ್ನರು ಖುಷಿಯಿಂದ ಹೇಳುತ್ತಾರೆ. 1930ರ ದಶಕದ ಮೊದಲಲ್ಲಿ ವಿಕ್ಟೋರಿಯದ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪನಿಗೆ ಕಾಗದ ಬರೆದಳಂತೆ: ಭಾನುವಾರ ಬಟ್ಟೆ ಕೊಳೆಯಾಗದಂತೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಒಯ್ಯಬೇಕು, ಅಂಥದ್ದೊಂದು ಮಾಡಿಕೊಡಿ ಎಂದು. ಜೀಲಾಂಗ್ ಕಾರ್ಖಾನೆಯ ವಿನ್ಯಾಸಕಾರ ಲೂ ಬ್ಯಾಂಟ್ ಮಾಡಿಕೊಟ್ಟ ಗಾಡಿ 1934ರಲ್ಲಿ ಹೊರಬಂತು. ಕಾಗದದ ಕತೆಗೆ ಬಾಯಿಂದ ಬಾಯಿಗೆ ಎಷ್ಟು ಉಪ್ಪುಖಾರ ಸೇರಿದೆಯೋ, ಯೂಟ್ ಮಾತ್ರ ಉಳಿಯಿತು. ಇಂದು ಟೊಯೋಟಾ ಹೈಲಕ್ಸ್, ಫೋರ್ಡ್ ರೇಂಜರ್, ಲ್ಯಾಂಡ್ ಕ್ರೂಸರ್ 79ಗಳ ರೂಪದಲ್ಲಿ ಅದು ರೈತನ ಹೊಲದಲ್ಲೂ ಇದೆ, ಗಣಿಯಲ್ಲೂ ಇದೆ, ರಜೆಗೆಂದು ಮರುಭೂಮಿಗೆ ಹೊರಟ ಮೆಲ್ಬರ್ನಿನ ಕುಟುಂಬದ ಅಂಗಳದಲ್ಲೂ ಇದೆ.

ಆ ಒಳನಾಡಿನಲ್ಲಿ ತಂಪು ಮತ್ತು ಕರೆಂಟು ಎರಡಕ್ಕೂ ಜನ ತಲೆ ಓಡಿಸಿದ್ದು ಹೊಸತಲ್ಲ. 1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕೂಲ್‌ಗಾರ್ಡಿಯ ಚಿನ್ನದ ಗಣಿಗಳಲ್ಲಿ ಒಂದು ಪೆಟ್ಟಿಗೆ ಬಳಕೆಗೆ ಬಂತು. ಸುತ್ತ ಗೋಣಿತಾಟು, ಮೇಲೊಂದು ನೀರಿನ ತಟ್ಟೆ. ತಾಟು ನೀರು ಹೀರಿ, ಗಾಳಿಗೆ ಆರುತ್ತ ಒಳಗಿನ ಮಾಂಸ, ಬೆಣ್ಣೆಯನ್ನು ತಂಪಾಗಿಡುತ್ತಿತ್ತು. 1929ರಲ್ಲಿ ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ತಯಾರಿಸಿದ ರೇಡಿಯೊ ಸೈಕಲ್ಲಿನ ಹಾಗೆ ಪೆಡಲ್ ತುಳಿದರೆ ನಡೆಯುತ್ತಿತ್ತು. ದೂರದ ಫಾರ್ಮುಗಳಿಂದ ವಿಮಾನದ ವೈದ್ಯರನ್ನು ಕರೆಸಿಕೊಳ್ಳಲು ಅದೇ ದಾರಿಯಾಯಿತು. ಯೂಟಿನ ಎರಡನೇ ಬ್ಯಾಟರಿಯನ್ನು ನಾನು ಈ ಸಾಲಿನಲ್ಲೇ ಇಡುತ್ತೇನೆ. ಅಂಗಡಿಯ ಗಾಜಿನ ಹಿಂದೆ ಮಿನುಗುವ ಅಲಂಕಾರದ ಸಾಮಾನುಗಳ ಸಾಲು ಅದರದಲ್ಲ.

ಎರಡು ಯಾಕೆ, ದೊಡ್ಡದೊಂದು ಸಾಲದೆ? ಸಾಲದು. ಸೆಲ್ಫ್ ಹೊಡೆಯುವ ಬ್ಯಾಟರಿಯ ಕೆಲಸವೇ ಬೇರೆ. ಅದು ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಚೆಲ್ಲಿ, ಎಂಜಿನ್ ಓಡತೊಡಗಿದೊಡನೆ ಮತ್ತೆ ತುಂಬಿಕೊಳ್ಳಬೇಕು. ಅದಕ್ಕಾಗಿ ಒಳಗೆ ತೆಳುವಾದ ಸೀಸದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಇಂಥ ಬ್ಯಾಟರಿಯನ್ನು ರಾತ್ರಿಯಿಡೀ ಹನಿಹನಿಯಾಗಿ ಬಸಿದರೆ ಕೆಲವೇ ಸಲಕ್ಕೆ ಸತ್ವ ಕಳೆದುಕೊಳ್ಳುತ್ತದೆ. ನಿಧಾನವಾಗಿ, ಆಳವಾಗಿ ಬಸಿದು ಮತ್ತೆ ತುಂಬಲು ಬೇಕಾದದ್ದು ದಪ್ಪ ಫಲಕದ ಡೀಪ್ ಸೈಕಲ್ ಬ್ಯಾಟರಿ. ನಮ್ಮ ಮನೆಗಳ ಯುಪಿಎಸ್‌ಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಈ ಜಾತಿಯದೇ. ಆದರೆ ಆಸಿಡ್ ತುಳುಕುವ ಆ ಎತ್ತರದ ಡಬ್ಬಿಯನ್ನು ಕುಲುಕುವ ಯೂಟಿನಲ್ಲಿ ಇಡಲಾಗದು. ಅಲ್ಲಿ ಆಸಿಡ್ಡನ್ನು ಗಾಜುನಾರಿನ ಹಾಳೆಯಲ್ಲಿ ಹೀರಿಸಿ ಮುಚ್ಚಿಬಿಟ್ಟ ಎಜಿಎಂ ಬ್ಯಾಟರಿ ಬಹುಕಾಲ ನಡೆಯಿತು; ಈಗ ಲಿಥಿಯಂ.

ಲೆಕ್ಕ ಸರಳ. 40–50 ಲೀಟರಿನ 12 ವೋಲ್ಟ್ ಫ್ರಿಜ್ಜು ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ, ಆದರೆ ಸದಾ ಓಡುವುದಿಲ್ಲ. ಬಿಸಿಲಿನ ದಿನದಲ್ಲಿ ದಿನವೊಂದಕ್ಕೆ ಸುಮಾರು 40 ಆಂಪಿಯರ್ ಅವರ್ ಎಂದಿಟ್ಟುಕೊಳ್ಳಿ. 100 ಆಂಪಿಯರ್ ಅವರಿನ ಎಜಿಎಂ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು ಎಂಬುದು ಕಸುಬಿನವರ ಕಟ್ಟಳೆ, ಇಳಿಸಿದಷ್ಟೂ ಅದರ ಆಯುಷ್ಯ ಕಡಿಮೆ. ಅಂದರೆ ಗಾಡಿ ನಿಂತಲ್ಲೇ ನಿಂತರೆ ಒಂದು ದಿನ ಚಿಲ್ಲರೆ. ಅಷ್ಟರೊಳಗೆ ಎಂಜಿನ್ ಓಡಬೇಕು, ಇಲ್ಲವೇ ಸೋಲಾರ್ ಹಲಗೆ ಬಿಚ್ಚಬೇಕು.

ಇನ್ನು ಕಸುಬಿನ ತಿರುಳಿಗೆ ಬರೋಣ. ಎರಡು ಬ್ಯಾಟರಿಗೂ ತುಂಬಿಸುವುದು ಒಂದೇ ಆಲ್ಟರ್ನೇಟರ್. ಓಡುವಾಗ ಇಬ್ಬರಿಗೂ ಪಾಲು ಸಿಗಬೇಕು, ನಿಂತಾಗ ಒಬ್ಬರ ಖರ್ಚು ಇನ್ನೊಬ್ಬರ ತಲೆಗೆ ಬರಬಾರದು. ಕೂಡುಕುಟುಂಬದಲ್ಲಿ ಜಮೀನು ಒಟ್ಟಿಗಿಟ್ಟುಕೊಂಡು ಒಲೆ ಮಾತ್ರ ಬೇರೆ ಮಾಡಿಕೊಳ್ಳುತ್ತಾರಲ್ಲ, ಆ ಏರ್ಪಾಡು. ಹಿಂದೆ ಇದನ್ನು ಕೈಯಿಂದ ತಿರುಗಿಸುವ ದಪ್ಪ ಸ್ವಿಚ್ಚಿನಿಂದ ಮಾಡುತ್ತಿದ್ದರು. ಬಿಡಾರ ಹೂಡಿದೊಡನೆ ಇಳಿದು ಸ್ವಿಚ್ ತಿರುಗಿಸಬೇಕು. ದಣಿದು ಬಂದ ದಿನವೇ ಅದು ಮರೆತುಹೋಗುತ್ತಿತ್ತು. ಆಮೇಲೆ ಬಂದದ್ದು ವೋಲ್ಟೇಜ್ ನೋಡಿ ತಾನೇ ಕೂಡಿ ತಾನೇ ಬಿಡುವ ರಿಲೇ. ಎಂಜಿನ್ ಓಡಿ ಮುಖ್ಯ ಬ್ಯಾಟರಿಯ ಮೇಲೆ 13.2 ವೋಲ್ಟ್ ಕಾಣಿಸಿದರೆ ಎರಡನ್ನೂ ಜೋಡಿಸುತ್ತದೆ; ಎಂಜಿನ್ ನಿಂತು ಅದು 12.7ಕ್ಕೆ ಇಳಿದೊಡನೆ ಬಿಡಿಸುತ್ತದೆ. ತುಂಬಿದ ಸೀಸದ ಬ್ಯಾಟರಿ ಸುಮ್ಮನೆ ಕೂತಾಗ ತೋರಿಸುವುದು ಹೆಚ್ಚುಕಡಿಮೆ ಅದೇ 12.7. ಆದ್ದರಿಂದ ಸೆಲ್ಫ್ ಹೊಡೆಯುವ ಬ್ಯಾಟರಿಯ ಗಂಟು ಕರಗುವ ಮೊದಲೇ ಬಾಗಿಲು ಮುಚ್ಚಿರುತ್ತದೆ. ಚಲಿಸುವ ಭಾಗ ಕಡಿಮೆ, ಬೆಲೆ ಕಡಿಮೆ. ಹಳೆಯ ಗಾಡಿಗಳಿಗೆ ಇವತ್ತಿಗೂ ಇದಕ್ಕಿಂತ ಹೆಚ್ಚಿನದು ಬೇಡ ಎಂಬುದು ನನ್ನ ಅಭಿಪ್ರಾಯ.

ಹೊಸ ಗಾಡಿಗಳು ಈ ಲೆಕ್ಕವನ್ನು ಕೆಡಿಸಿದವು. ಹೊಗೆಯ ನಿಯಮಗಳು ಬಿಗಿಯಾದಂತೆ ಇಂಧನ ಉಳಿಸಲು ತಯಾರಕರು ಆಲ್ಟರ್ನೇಟರನ್ನು ಕಂಪ್ಯೂಟರಿನ ಕೈಗೆ ಕೊಟ್ಟರು. ಮುಖ್ಯ ಬ್ಯಾಟರಿ ತುಂಬಿತು ಎನಿಸಿದರೆ ಅದು ವೋಲ್ಟೇಜನ್ನು 12.5ರ ಆಸುಪಾಸಿಗೂ ಇಳಿಸಿಬಿಡುತ್ತದೆ. ಬ್ರೇಕ್ ಒತ್ತಿದಾಗ 15ರವರೆಗೆ ಏರಿಸುತ್ತದೆ. ಬಡಪಾಯಿ ರಿಲೇ ಎಂಜಿನ್ ನಿಂತಿದೆ ಎಂದೇ ತಿಳಿದು ದಾರಿಯ ನಡುವೆ ಬಿಡಿಸಿಕೊಳ್ಳುತ್ತದೆ. ದಿನವಿಡೀ ಓಡಿಸಿದರೂ ಎರಡನೇ ಬ್ಯಾಟರಿ ಅರೆಹೊಟ್ಟೆ. ಇದಕ್ಕೆ ಉತ್ತರ ಡಿಸಿ–ಡಿಸಿ ಚಾರ್ಜರ್: ಮುಂದಿನಿಂದ ಎಷ್ಟೇ ವೋಲ್ಟೇಜ್ ಬರಲಿ, ಅದನ್ನು ಏರಿಸಿಯೋ ಇಳಿಸಿಯೋ ಎರಡನೇ ಬ್ಯಾಟರಿಗೆ ಬೇಕಾದ 14.4ರಷ್ಟನ್ನು ಕೊಡುವ ಅಂಗೈಯಗಲದ ಪೆಟ್ಟಿಗೆ. ಇಂಥ ಗಾಡಿಯಲ್ಲಿ ಎಂಜಿನ್ ಓಡುತ್ತಿದೆಯೆಂದು ಪೆಟ್ಟಿಗೆಗೆ ತಿಳಿಸಲು ಇಗ್ನಿಷನ್ನಿನಿಂದ ಒಂದು ಸಣ್ಣ ವೈರು ಎಳೆಯಬೇಕು. ಅದನ್ನು ಬಿಟ್ಟು ಕೂರಿಸಿದ ಚಾರ್ಜರ್ ಹೊಸದಾಗಿಯೇ ಇದ್ದೂ ಸರಿಯಾಗಿ ಕೆಲಸ ಮಾಡುವುದಿಲ್ಲ. 25 ಅಥವಾ 40 ಆಂಪಿಯರಿನವು ಹೆಚ್ಚು ಚಾಲ್ತಿ. ಬಹಳಷ್ಟರಲ್ಲಿ ಸೋಲಾರಿಗೂ ಜಾಗವಿದೆ. ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲಿರುವ ರೆಡಾರ್ಕ್ ಕಂಪನಿ 1979ರಲ್ಲಿ ಶುರುವಾದದ್ದು ಟ್ರೇಗರ್ ಪೆಡಲ್ ರೇಡಿಯೊ ಕಟ್ಟಿದ ಅದೇ ಅಡಿಲೇಡಿನಲ್ಲಿ.

ಪೆಟ್ಟಿಗೆ ಯಾರು ಬೇಕಾದರೂ ಕೊಳ್ಳಬಹುದು. ಕುಶಲತೆ ಕಾಣಿಸುವುದು ವೈರಿನಲ್ಲಿ. ಬಾನೆಟ್ಟಿನಿಂದ ಹಿಂದಿನ ತೊಟ್ಟಿಗೆ ವೈರು ಸುಮಾರು ಆರು ಮೀಟರ್, ಹೋಗಿಬರುವ ದಾರಿ ಹನ್ನೆರಡು. 13.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 25 ಆಂಪಿಯರ್ ಹರಿದರೆ ದಾರಿಯಲ್ಲಿ ಸೋರುವುದು 0.4 ವೋಲ್ಟಿಗಿಂತ ಕಡಿಮೆ. ಅದೇ ಅಂಗಡಿಯಲ್ಲಿ '6 ಎಂಎಂ' ಎಂದು ಮಾರುವ ಆಟೊ ವೈರು ಎಳೆದರೆ 1.1 ವೋಲ್ಟ್ ಮಾಯ. ಮೋಸ ಆ ಹೆಸರಲ್ಲೇ ಇದೆ: 6 ಎಂಎಂ ಎಂದರೆ ಹೊರಗಿನ ಪ್ಲಾಸ್ಟಿಕ್ಕೂ ಸೇರಿದ ದಪ್ಪ, ಒಳಗಿನ ತಾಮ್ರ 4.6 ಚದರ ಮಿಲಿಮೀಟರಿನಷ್ಟೇ. ಮನೆ ವೈರಿಂಗಿನ 6 ಎಂಎಂ ನೋಡಿ ಬೆಳೆದ ನಮ್ಮವರು ಅಲ್ಲಿಗೆ ಹೋಗಿ ತಾವೇ ಕೆಲಸಕ್ಕಿಳಿದರೆ ಇಲ್ಲೇ ಎಡವುತ್ತಾರೆ.

ಫ್ರಿಜ್ಜಿನ ಬಗ್ಗೆ ಕೇಳಿಬರುವ ಅತಿ ಸಾಮಾನ್ಯ ದೂರಿನ ಬೇರೂ ಇದೇ. ರಾತ್ರಿ ಎರಡು ಗಂಟೆಗೆ ಫ್ರಿಜ್ಜು ನಿಂತಿತು, ಬ್ಯಾಟರಿ ಹೋಗಿದೆ, ಹೊಸದು ಹಾಕಿ ಎಂದು ಗಿರಾಕಿ ಬರುತ್ತಾನೆ. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.2 ವೋಲ್ಟ್ ಇದೆ, ಅಂದರೆ ಇನ್ನೂ ಅರ್ಧ ತುಂಬಿದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಬರುವ ತೆಳು ವೈರು, ಜೊತೆಗೆ ಅಲುಗಾಡುವ ಪ್ಲಗ್ಗು ಸೇರಿ ಅರ್ಧ ಮುಕ್ಕಾಲು ವೋಲ್ಟ್ ನುಂಗಿರುತ್ತವೆ. ಬ್ಯಾಟರಿ ಕಾಯಲೆಂದು ಫ್ರಿಜ್ಜಿನಲ್ಲೇ ಇಟ್ಟಿರುವ ಕಟಾಫ್, ತನ್ನ ಬಾಗಿಲಿಗೆ ಬಂದ 11.5 ನೋಡಿ ಕೈ ಎತ್ತಿದೆ. ಬದಲಿಸಬೇಕಾದದ್ದು ಎರಡು ತುಂಡು ವೈರು ಮತ್ತು ಬಿಗಿಯಾಗಿ ಕೂರುವ ಒಂದು ಪ್ಲಗ್ಗು. ಆ್ಯಂಡರ್ಸನ್ ಪ್ಲಗ್ ಎಂಬ ಆಯತಾಕಾರದ ಪ್ಲಗ್ಗು ಅಲ್ಲಿ ಮನೆಮಾತಾಗಿರುವುದು ಇದಕ್ಕೇ.

ಫ್ಯೂಸಿನ ವಿಷಯದಲ್ಲಿ ರಾಜಿಯಿಲ್ಲ. ಉದ್ದನೆಯ ವೈರಿನ ಎರಡೂ ತುದಿಗೆ ಒಂದೊಂದು ಬ್ಯಾಟರಿ ಇರುವುದರಿಂದ ಎರಡೂ ಕಡೆ ಫ್ಯೂಸ್ ಬೇಕು, ಅದೂ ಟರ್ಮಿನಲ್ಲಿಗೆ ಎಷ್ಟು ಸಮೀಪವೋ ಅಷ್ಟು ಒಳ್ಳೆಯದು. ಒಂದೇ ಕಡೆ ಹಾಕಿದವನು ನಡುವೆ ವೈರು ಛಾಸಿಗೆ ಉಜ್ಜಿ ಸವೆದ ದಿನ ಇನ್ನೊಂದು ಬ್ಯಾಟರಿಯಿಂದ ಬೆಂಕಿ ಬರಮಾಡಿಕೊಳ್ಳುತ್ತಾನೆ. ಫ್ಯೂಸ್ ಕಾಯುವುದು ವೈರನ್ನು, ಉಪಕರಣವನ್ನಲ್ಲ. ವೈರು ತಡೆಯುವಷ್ಟಕ್ಕೇ ಅದರ ಅಳತೆ.

ವೈರಿನ ತುದಿಗೆ ಲಗ್ ಹಾಕುವುದನ್ನು ನೋಡಿದರೆ ಕೆಲಸಗಾರನ ಯೋಗ್ಯತೆ ಗೊತ್ತಾಗುತ್ತದೆ. ಸುತ್ತಿಗೆಯಿಂದ ಜಜ್ಜಿದ ಲಗ್ ಮೇಲುನೋಟಕ್ಕೆ ಬಿಗಿ, ಒಳಗೆ ಪೊಳ್ಳು. ಹೈಡ್ರಾಲಿಕ್ ಇಕ್ಕಳದಲ್ಲಿ ಆರು ಮೂಲೆಗೆ ಒತ್ತಿದ್ದನ್ನು ಕತ್ತರಿಸಿ ನೋಡಿದರೆ ತಾಮ್ರದ ಎಳೆಗಳು ಬೆಸೆದು ಒಂದೇ ಗಟ್ಟಿಯಾಗಿ ಕಾಣುತ್ತವೆ. ಮೇಲೆ ಒಳಭಾಗದಲ್ಲಿ ಅಂಟು ಇರುವ ಸ್ಲೀವ್ ಹಾಕಿ ಬಿಸಿಗಾಳಿ ಹಿಡಿದರೆ ನೀರು, ದೂಳು ಒಳನುಗ್ಗುವುದಿಲ್ಲ. ಇನ್ನು ಅರ್ಥಿಂಗ್: ಯೂಟಿನ ತೊಟ್ಟಿಯೇ ಒಂದು ಬಲೆ. ಬಣ್ಣ, ರಬ್ಬರ್ ಪ್ಯಾಡುಗಳ ಮೇಲೆ ಕೂತಿರುವ ಅದನ್ನು ಅರ್ಥ್ ಎಂದು ನಂಬಿದರೆ ಇಂದು ನಡೆದದ್ದು ನಾಳೆ ನಡೆಯದು. ಹಿಂದಿರುಗುವ ವೈರನ್ನೂ ಅಷ್ಟೇ ದಪ್ಪಕ್ಕೆ ಎಳೆದು, ಛಾಸಿಯ ಬಣ್ಣ ಕೆರೆದು ಬೋಲ್ಟ್ ಬಿಗಿಯುವವನೇ ಜಾಣ. ಹೊಸ ಗಾಡಿಗಳಲ್ಲಿ ಮುಖ್ಯ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಕೂತಿರುತ್ತದೆ. ಅರ್ಥ್ ವೈರನ್ನು ನೇರ ಆ ಟರ್ಮಿನಲ್ಲಿಗೆ ಕಟ್ಟಿದರೆ ಸೆನ್ಸರಿನ ಕಣ್ತಪ್ಪಿಸಿ ಕರೆಂಟು ಹರಿದು ಗಾಡಿಯ ಕಂಪ್ಯೂಟರಿಗೆ ಲೆಕ್ಕವೇ ಸಿಗದು. ಆದ್ದರಿಂದ ಸೆನ್ಸರ್ ದಾಟಿ ಛಾಸಿಗೆ ಕಟ್ಟುತ್ತಾರೆ.

ಇಷ್ಟಾದ ಮೇಲೂ ಮಣ್ಣುದಾರಿ ಪರೀಕ್ಷಿಸದೆ ಬಿಡುವುದಿಲ್ಲ. ಗಾಡಿಗಳ ಓಡಾಟಕ್ಕೆ ಅಲ್ಲಿನ ದಾರಿಗಳು ಅಡ್ಡಡ್ಡ ಅಲೆಯಲೆಯಾಗಿ ಗಟ್ಟಿಯಾಗುತ್ತವೆ. ಅದರ ಮೇಲೆ ಗಂಟೆಗಟ್ಟಲೆ ಓಡಿದ ಯೂಟಿನಲ್ಲಿ ಬಿಗಿಯಿರದ ನಟ್ಟು ಒಂದೂ ಉಳಿಯದು. 100 ಆಂಪಿಯರ್ ಅವರಿನ ಎಜಿಎಂ 30 ಕೆ.ಜಿ.ಯ ಹತ್ತಿರ ತೂಗುತ್ತದೆ. ತೆಳು ತಗಡಿನ ತಟ್ಟೆಯ ಮೇಲೆ ಕೂರಿಸಿದರೆ ತಟ್ಟೆಯೇ ಬಿರುಕು ಬಿಡುತ್ತದೆ. ಹಾಗಾಗಿ ಬಾನೆಟ್ಟಿನೊಳಗೆ ಜಾಗವಿದ್ದರೂ ಎಲ್ಲರೂ ಅಲ್ಲಿಡುವುದಿಲ್ಲ. ಎಂಜಿನ್ನಿನ ಕಾವು ಎಜಿಎಂಗೆ ಒಗ್ಗದು, ಲಿಥಿಯಂಗಂತೂ ಆಗಿಬರುವುದೇ ಇಲ್ಲ. ಸೀಟಿನ ಹಿಂದಿನ ಸಂದಿ, ತೊಟ್ಟಿಯ ಪಕ್ಕದ ಪೆಟ್ಟಿಗೆ, ಇವು ಈಗಿನ ಮೆಚ್ಚಿನ ಜಾಗಗಳು.

ಲಿಥಿಯಂ ಐರನ್ ಫಾಸ್ಫೇಟ್ ಬಂದ ಮೇಲೆ ತೂಕ 12 ಕೆ.ಜಿ.ಯ ಆಸುಪಾಸಿಗೆ ಇಳಿಯಿತು, ಅದೇ ಅಳತೆಯಲ್ಲಿ ಬಳಸಬಹುದಾದ ಕರೆಂಟು ಸುಮಾರು ಇಮ್ಮಡಿಯಾಯಿತು. ಒಳಗೇ ಕೂತ ಸರ್ಕಿಟ್ ಪ್ರತಿ ಸೆಲ್ಲನ್ನೂ ಕಾಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳಾಗುವುದರಿಂದ ಚಳಿಯ ಬೆಳಗಲ್ಲಿ ಒಳ್ಳೆಯ ಬ್ಯಾಟರಿ ತಾನಾಗಿ ಚಾರ್ಜನ್ನು ತಡೆಯುತ್ತದೆ. ಮರುಭೂಮಿಯಲ್ಲಿ ಅಂಥ ಚಳಿಯೆಲ್ಲಿ ಎನ್ನಬೇಡಿ, ಜುಲೈ ರಾತ್ರಿಗಳಲ್ಲಿ ಅಲ್ಲೂ ನೀರು ಹೆಪ್ಪುಗಟ್ಟುವುದುಂಟು.

ಈಚೆಗೆ ಬ್ಯಾಟರಿ, ಇನ್ವರ್ಟರ್, ಸಾಕೆಟ್ಟುಗಳೆಲ್ಲ ಒಂದರಲ್ಲೇ ಇರುವ, ಕೈಯಲ್ಲೆತ್ತಿ ಒಯ್ಯುವ ಪವರ್ ಸ್ಟೇಷನ್ನುಗಳು ಬಂದಿವೆ. ಯೂಟಿಗೆ ರಂಧ್ರ ಕೊರೆಯುವ ಗೋಜಿಲ್ಲ, ಗಾಡಿ ಮಾರಿದರೂ ಜೊತೆಗೆ ಬರುತ್ತದೆ. ವಾರಾಂತ್ಯದ ಪ್ರವಾಸಕ್ಕೆ ಅದೇ ಸಾಕು ಎಂದು ಕಸುಬಿನವರಲ್ಲೂ ಹಲವರು ಒಪ್ಪುತ್ತಾರೆ. ಆದರೆ ಅದನ್ನು ಲೈಟರ್ ಸಾಕೆಟ್ಟಿನಿಂದ ತುಂಬಿಸಹೊರಟರೆ ಎಂಟು ಹತ್ತು ಆಂಪಿಯರಿಗಿಂತ ಹೆಚ್ಚು ಸಿಗದು, ದೊಡ್ಡ ಪೆಟ್ಟಿಗೆ ತುಂಬಲು ಹಗಲಿಡೀ ಓಡಿಸಿದರೂ ಸಾಲದು. ಕೊನೆಗೆ ಅದರ ಮಾಲೀಕರೂ ಬ್ಯಾಟರಿಯಿಂದ ಹಿಂದಿನವರೆಗೆ ಒಂದು ದಪ್ಪ ವೈರು, ತುದಿಗಳಲ್ಲಿ ಫ್ಯೂಸು, ಆ್ಯಂಡರ್ಸನ್ ಪ್ಲಗ್ಗು ಎಳೆಸಿಕೊಳ್ಳಲು ಅದೇ ಆಟೊ ಎಲೆಕ್ಟ್ರಿಷಿಯನ್ನನ ಶೆಡ್ಡಿಗೆ ಬರುತ್ತಿದ್ದಾರೆ.